ಅಡಿಕೆ ಬೆಳೆಗಾರನ ವರ್ಡ್‌ಪ್ರೆಸ್: ವರ್ಷಗಳ ಬಳಕೆಯ ನಂತರ, ಹೊಸದಾಗಿ ಬರೆಯುವವರಿಗೆ

ಕನ್ನಡದಲ್ಲಿ ಲೇಖನ ಬರೆದು ಅಂತರ್ಜಾಲದಲ್ಲಿ ಹಾಕಬೇಕು, ಯಾವುದರಲ್ಲಿ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ವರ್ಡ್‌ಪ್ರೆಸ್, ಅಂದರೆ ನಮ್ಮದೇ ತಾಣ ಮಾಡಿ ಲೇಖನ ಪ್ರಕಟಿಸಲು ಬಳಸುವ ತಂತ್ರಾಂಶ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ಬೆಳೆಗಾರ. ತೋಟದ ರೋಗ, ಔಷಧ, ಗೊಬ್ಬರ, ಕೊನೆಕೊಯ್ಲಿನ ಬಗ್ಗೆ ಬರೆಯುತ್ತೇನೆ. 2018ರ ಡಿಸೆಂಬರ್‌ನಲ್ಲಿ 5.0 ಆವೃತ್ತಿಯ ಜೊತೆ ಬ್ಲಾಕ್ ಎಡಿಟರ್ (ಲೇಖನವನ್ನು ತುಂಡು ತುಂಡಾಗಿ ಜೋಡಿಸಿ ಬರೆಯುವ ಪರದೆ) ಬಂತಲ್ಲ, ಅದಕ್ಕೂ ಮೊದಲಿನಿಂದ ಇದನ್ನೇ ಬಳಸುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಳೆದೆ ಎಂಬುದು ಕನ್ನಡದಲ್ಲಿ ಬರೆಯುವವರಿಗೆ ಬಹಳ ಮುಖ್ಯ. ಅದನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಫೇಸ್‌ಬುಕ್‌ನಲ್ಲಿ ಹಾಕಿದ ಬರಹ ಎರಡು ದಿನಕ್ಕೆ ಕಣ್ಮರೆ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಮೂರನೆಯವರ ಕೈಗೆ ಹೋಗುವಷ್ಟರಲ್ಲಿ ಬರೆದವರ ಹೆಸರೇ ಇರುವುದಿಲ್ಲ. ಮಳೆಗಾಲದಲ್ಲಿ ಅಡಿಕೆ ಕೊಳೆಯಿಸುವ ಕೊಳೆರೋಗದ ಬಗ್ಗೆ ನಾನು ಬರೆದ ಲೇಖನವನ್ನು ಮಾತ್ರ ಪ್ರತಿ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಹೊಸ ಜನ ಹುಡುಕಿಕೊಂಡು ಬಂದು ಓದುತ್ತಾರೆ. ವಿಳಾಸ ಬದಲಾಗಿಲ್ಲ. ಒಳಗಿನ ಮಾಹಿತಿಯನ್ನು ವರ್ಷ ವರ್ಷ ತಿದ್ದುತ್ತಾ ಬಂದಿದ್ದೇನೆ. ಇಷ್ಟು ವರ್ಷ ವರ್ಡ್‌ಪ್ರೆಸ್ ಬಿಡದೇ ಇರುವುದಕ್ಕೆ ಇದೇ ಕಾರಣ. ಬರೆದದ್ದನ್ನು ಒಂದು ಜಾಗದಲ್ಲಿ ಇಟ್ಟು, ಅದನ್ನು ಜೀವಂತವಾಗಿ ಉಳಿಸಿಕೊಳ್ಳಲು ಇದು ಬಿಡುತ್ತದೆ.

ಶುರುವಿಗೆ ಒಂದು ಗೊಂದಲ ಬಿಡಿಸಿಕೊಳ್ಳಿ. ವರ್ಡ್‌ಪ್ರೆಸ್ ಎಂದರೆ ಎರಡು. ಒಂದು, 2003ರಲ್ಲಿ ಮ್ಯಾಟ್ ಮುಲ್ಲನ್‌ವೆಗ್ ಮತ್ತು ಮೈಕ್ ಲಿಟಲ್ ಶುರು ಮಾಡಿದ ಮುಕ್ತ ತಂತ್ರಾಂಶ. ಅದು ಪುಕ್ಕಟೆ. ಆದರೆ ಹೋಸ್ಟಿಂಗ್ ಜಾಗ (ತಾಣವನ್ನು ಇಡುವ ಬಾಡಿಗೆ ಕಂಪ್ಯೂಟರ್) ಮತ್ತು ಡೊಮೇನ್ ಹೆಸರಿಗೆ (ತಾಣದ ವಿಳಾಸ) ನೀವೇ ದುಡ್ಡು ಕೊಡಬೇಕು. ಇನ್ನೊಂದು ವರ್ಡ್‌ಪ್ರೆಸ್ ಡಾಟ್ ಕಾಮ್. ಅಲ್ಲಿ ಖಾತೆ ತೆರೆದರೆ ಸಾಕು, ಜಾಗ ಅವರದ್ದೇ. ಉಚಿತ ಖಾತೆಯಲ್ಲಿ ಜಾಹೀರಾತು ಬರುತ್ತದೆ, ಬೇಕಾದ್ದನ್ನೆಲ್ಲ ಬದಲಾಯಿಸಲು ಆಗುವುದಿಲ್ಲ. ಹೊಸಬರು ಉಚಿತ ಖಾತೆಯಲ್ಲೇ ಹತ್ತಿಪ್ಪತ್ತು ಲೇಖನ ಬರೆಯಲಿ ಎಂಬುದು ನನ್ನ ಅಭಿಪ್ರಾಯ. ಬರೆಯುವ ಅಭ್ಯಾಸ ಕೂತ ಮೇಲೆ ಸ್ವಂತ ಹೆಸರು ಕೊಳ್ಳಬಹುದು. ಬರೆದದ್ದನ್ನೆಲ್ಲ ಒಂದರಿಂದ ಇನ್ನೊಂದಕ್ಕೆ ಸಾಗಿಸಲು ದಾರಿ ಇದೆ.

ದುಡ್ಡು ಕೊಡುವಾಗ ಎರಡನೇ ವರ್ಷದ ಬೆಲೆ ಕೇಳಿ. ನಾನು ಮೊದಲು ಹೋಗಿದ್ದ ಒಂದು ಹೋಸ್ಟಿಂಗ್ ಕಂಪನಿ ಮೊದಲ ವರ್ಷ ಬಹಳ ಅಗ್ಗಕ್ಕೆ ಕೊಟ್ಟು, ನವೀಕರಣಕ್ಕೆ ಅದರ ಹಲವು ಪಟ್ಟು ಕೇಳಿತು. ಡೊಮೇನ್ ನವೀಕರಣದ ದಿನವನ್ನು ಫೋನಿನಲ್ಲಿ ಗುರುತು ಹಾಕಿ. ಹೆಸರು ಕೈತಪ್ಪಿದರೆ ಅಲ್ಲಿಗೆ ಬರುತ್ತಿದ್ದ ಓದುಗರೂ ತಪ್ಪಿದರು.

ಈಗ ಬರವಣಿಗೆಗೆ ಬರುತ್ತೇನೆ. ಹೊಸಬರು ಥೀಮ್, ಅಂದರೆ ತಾಣದ ಹೊರನೋಟ ಆರಿಸುವುದರಲ್ಲೇ ವಾರ ಕಳೆಯುತ್ತಾರೆ. ಅದು ಬೇಡ. ಯಾವುದೋ ಸರಳ ಥೀಮ್ ಹಾಕಿ, ಮೊದಲ ಲೇಖನಕ್ಕೆ ಕೂತುಬಿಡಿ. ಏನು ಬರೆಯುವುದು ಅಂದರೆ, ನಿಮಗೆ ಕೈಯಾರೆ ಗೊತ್ತಿರುವ ಒಂದು ಕೆಲಸ. ಅಡಿಕೆ ಧಾರಣೆಯ ಬಗ್ಗೆ ಬರೆದದ್ದು ಮುಂದಿನ ವಾರಕ್ಕೆ ಹಳಸುತ್ತದೆ. ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ ಎಂದು ಬರೆದರೆ ಅದು ಎಷ್ಟೋ ಮಳೆಗಾಲಕ್ಕೆ ಬರುತ್ತದೆ.

ಆ ಲೇಖನವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಓದುಗ ಮೊಬೈಲ್ ಹಿಡಿದು ಅಂಗಳದಲ್ಲಿ ನಿಂತಿರುತ್ತಾನೆ. ಡ್ರಮ್ಮು, ಸುಣ್ಣ, ಮೈಲುತುತ್ತ (ತಾಮ್ರದ ಸಲ್ಫೇಟ್) ಎಲ್ಲ ಎದುರಿಗಿದೆ. ಅವನಿಗೆ ಬೇಕಾದ ಅಳತೆ ಮೊದಲ ಪ್ಯಾರಾದಲ್ಲೇ ಸಿಗಬೇಕು: ಶೇಕಡಾ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಆಮೇಲೆ ವಿಧಾನ. 50 ಲೀಟರ್ ನೀರಿನಲ್ಲಿ ತುತ್ತ, ಇನ್ನೊಂದು 50 ಲೀಟರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಇರಲಿ. ಹೊಳಪಿನ ಚಾಕು ಅದ್ದಿ ನೋಡಿದಾಗ ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಾಡಿದ ದಿನವೇ ಹೊಡೆದು ಮುಗಿಸಿ. ರೋಗ ತರುವ ಫೈಟೋಫ್ಥೊರಾ ಬಗ್ಗೆ ಎರಡು ಪ್ಯಾರಾ ಬರೆಯಬಹುದು, ಬರೆಯಲೂ ಬೇಕು, ಆದರೆ ಅದು ಕೆಳಗೆ. ಪೀಠಿಕೆಯಲ್ಲಿ ಅಡಿಕೆಯ ಇತಿಹಾಸ ಹೇಳುತ್ತಾ ಕೂತರೆ ಅಂಗಳದಲ್ಲಿ ನಿಂತವನು ಬೇರೆ ಕಡೆ ಹೋಗುತ್ತಾನೆ.

ಅಳತೆ, ಅವಧಿ, ಪ್ರಮಾಣ ಬರೆಯುವಾಗ ಅದು ಎಲ್ಲಿಂದ ಬಂತು ಎಂದು ಹೇಳಿ. ಎರಡನೇ ಸಲ ಹೊಡೆಯುವುದು 40-45 ದಿನಕ್ಕೆ ಎಂದರೆ ಅದು ತೋಟಗಾರಿಕೆ ಇಲಾಖೆಯ ಮಾತೋ, ನಿಮ್ಮ ತೋಟದ ಅನುಭವವೋ? ಎರಡನ್ನೂ ಬರೆಯಿರಿ, ಬೇರೆ ಬೇರೆ ಮಾಡಿ ಬರೆಯಿರಿ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದವರಂಥ ಪರಿಣತರು ಹೇಳಿದ್ದರೆ ಅವರ ಹೆಸರು ಇರಲಿ. ನಿಮ್ಮ ಮಾತು ನಂಬಿ ಒಬ್ಬ ರೈತ ಔಷಧ ಹೊಡೆಯುತ್ತಾನೆ, ಅಲ್ವಾ? ಆ ಜವಾಬ್ದಾರಿ ಚಿಕ್ಕದಲ್ಲ.

ಶೀರ್ಷಿಕೆಯಲ್ಲಿ ಚಮತ್ಕಾರ ಬೇಡ. ಜನ ಹುಡುಕುವ ಮಾತೇ ಶೀರ್ಷಿಕೆಯಾಗಲಿ. ನಮ್ಮ ಕಡೆ ಕೊಳೆರೋಗ ಎನ್ನುವುದಕ್ಕೆ ಕರಾವಳಿಯಲ್ಲಿ ಮಹಾಳಿ ಎಂದೂ ಹೇಳುತ್ತಾರೆ. ಒಂದನ್ನು ಶೀರ್ಷಿಕೆಯಲ್ಲಿ, ಇನ್ನೊಂದನ್ನು ಮೊದಲ ವಾಕ್ಯದಲ್ಲಿ ತನ್ನಿ. ಸ್ವಂತ ಜಾಗಕ್ಕೆ ಹಾಕಿಕೊಂಡ ವರ್ಡ್‌ಪ್ರೆಸ್‌ನ ಒಳಗಿನ ಹುಡುಕಾಟ ಸುಮ್ನೆ ಅಕ್ಷರ ಹೊಂದಿಸಿ ನೋಡುತ್ತದೆ. ಅದು ಕನ್ನಡಕ್ಕೆ ಅನುಕೂಲವೇ. ‘ತೋಟ’ ಎಂದು ಹುಡುಕಿದರೆ ‘ತೋಟದಲ್ಲಿ’, ‘ತೋಟಕ್ಕೆ’ ಇರುವ ಲೇಖನಗಳೂ ಸಿಗುತ್ತವೆ.

ಇನ್ನು ಒಂದು ಅಂಕ ಕಳೆದದ್ದರ ಕಾರಣ. ನೀವು ಶೀರ್ಷಿಕೆ ಕೊಟ್ಟ ಕೂಡಲೇ ವರ್ಡ್‌ಪ್ರೆಸ್ ಅದನ್ನೇ ಲೇಖನದ ಲಿಂಕ್ (ವಿಳಾಸ) ಮಾಡುತ್ತದೆ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರ ಬರೆಯುವ ಕ್ರಮವಾದ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಲಿಂಕ್‌ನಲ್ಲಿ ಅದನ್ನು ಶೇಕಡಾ ಚಿಹ್ನೆ ಹಾಕಿ ಬರೆದಾಗ 9 ಅಕ್ಷರ ಆಗುತ್ತದೆ. ‘ಕನ್ನಡ’ ಎಂಬ ಪುಟ್ಟ ಪದದಲ್ಲಿ ಒತ್ತಿನ ಚಿಹ್ನೆಯೂ ಸೇರಿ 5 ಸಂಕೇತ, ಅಂದರೆ ಲಿಂಕ್‌ನಲ್ಲಿ 45 ಅಕ್ಷರ. ವರ್ಡ್‌ಪ್ರೆಸ್ ಈ ಭಾಗಕ್ಕೆ ಇಟ್ಟಿರುವ ಮಿತಿ 200. ‘ಅಡಿಕೆ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ’ ಎಂದು ಶೀರ್ಷಿಕೆ ಕೊಟ್ಟರೆ ಲಿಂಕ್ ‘ಬೋರ್ಡೋ’ ಪದದ ನಡುವೆಯೇ ಕತ್ತರಿಸಿಹೋಗುತ್ತದೆ. ವಾಟ್ಸಾಪ್‌ನಲ್ಲಿ ಹಂಚಿದಾಗ ನಾಲ್ಕೈದು ಸಾಲು ಶೇಕಡಾ ಚಿಹ್ನೆ ಮತ್ತು ಅಂಕಿಗಳು ಬಂದು ಕೂರುತ್ತವೆ. ಅದನ್ನು ನೋಡಿ ವೈರಸ್ ಇರಬಹುದು ಎಂದು ಹೆದರಿ ತೆರೆಯದವರು ನಮ್ಮೂರಲ್ಲೇ ಇದ್ದಾರೆ. ನೂರಾರು ಭಾಷೆಯವರು ಬಳಸುವ ತಂತ್ರಾಂಶದಲ್ಲಿ ಇದು ಇಷ್ಟು ವರ್ಷ ಹೀಗೇ ಉಳಿದಿರುವುದು ನನಗೆ ನೋವಿನ ವಿಷಯ.

ಪರಿಹಾರ ಸುಲಭ. ಪ್ರಕಟಿಸುವ ಮೊದಲು ಬಲಬದಿಯ ಪಟ್ಟಿಯಲ್ಲಿ ಸ್ಲಗ್ ಎಂಬ ಜಾಗದಲ್ಲಿ ಎರಡು ಮೂರು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಉದಾಹರಣೆಗೆ adike-koleroga. ಅಷ್ಟೇ ಸಾಕು. ಇಸವಿ ಹಾಕಬೇಡಿ. ಹಾಗೇ ಸ್ವಂತ ಜಾಗದಲ್ಲಿ ಇಟ್ಟುಕೊಂಡವರು ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ ಎಂಬಲ್ಲಿ ದಿನಾಂಕವಿಲ್ಲದ ಮಾದರಿ ಆರಿಸಿ. ಇದನ್ನು ಮೊದಲ ದಿನವೇ ಮಾಡಿ. ಲಿಂಕ್‌ನಲ್ಲಿ ಹಳೆಯ ಇಸವಿ ಕಂಡರೆ, ನೀವು ಹೋದ ವಾರ ತಿದ್ದಿದ ಲೇಖನವನ್ನೂ ಜನ ಹಳೆಯದೆಂದು ಬಿಟ್ಟುಹೋಗುತ್ತಾರೆ.

ತಿದ್ದುವುದು ಅಂದೆನಲ್ಲ, ಅದು ಈ ತಂತ್ರಾಂಶದಲ್ಲಿ ನನಗೆ ಬಹಳ ಇಷ್ಟದ ಭಾಗ. ಪ್ರತಿ ಬದಲಾವಣೆಯ ಹಿಂದಿನ ರೂಪ ಒಳಗೆ ಉಳಿದಿರುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಬಹುದು, ಬೇಡವಾದರೆ ಹಿಂದಿನದಕ್ಕೆ ಮರಳಬಹುದು. ನನ್ನ ಲೇಖನದಲ್ಲಿ ಮೊದಲು ಕೊನೆಗಾರರು ಮರ ಹತ್ತಿ ಔಷಧ ಹೊಡೆಯುವ ಕ್ರಮ ಮಾತ್ರ ಇತ್ತು. ಕೊಟ್ಟೆ ಕಟ್ಟುವುದರ (ಮಳೆ ತಾಗದಂತೆ ಅಡಿಕೆ ಗೊನೆಗೆ ಹೊದಿಕೆ ಹಾಕುವುದು) ಬಗ್ಗೆ ಓದುಗರು ಕೇಳಿದ ಮೇಲೆ ಅದು ಸೇರಿತು. ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂದು ನೆಲದಲ್ಲೇ ನಿಂತು ಹೊಡೆಯುವುದು ಶುರುವಾದಾಗ ಒಂದು ಹೊಸ ಭಾಗವೇ ಬರೆಯಬೇಕಾಯಿತು. ಹೀಗೆ ಮಾಡುವಾಗ ಲೇಖನದ ತಲೆಯಲ್ಲೇ ‘ಇಂಥ ತಿಂಗಳು ತಿದ್ದಿದೆ, ಇಂಥದ್ದು ಸೇರಿಸಿದೆ’ ಎಂದು ಒಂದು ಸಾಲು ಬರೆಯಿರಿ. ಓದುಗರ ಪ್ರಶ್ನೆಗಳನ್ನು ಜೋಪಾನ ಮಾಡಿ. ಮುಂದಿನ ಲೇಖನಕ್ಕೆ ವಿಷಯ ಅಲ್ಲೇ ಇರುತ್ತದೆ.

ಬ್ಲಾಕ್ ಎಡಿಟರ್ ಬಂದಾಗ ಗೊಣಗಿದವರು ಬಹಳ. ಪ್ಯಾರಾ ಒಂದು ಬ್ಲಾಕ್, ಚಿತ್ರ ಇನ್ನೊಂದು ಬ್ಲಾಕ್. ಈಗ ಹೊಸದಾಗಿ ಕಲಿಯುವವರಿಗೆ ಇದೇ ಸಲೀಸು ಅನಿಸುತ್ತದೆ. ಪ್ಯಾರಾ ಮೇಲೆ ಕೆಳಗೆ ಮಾಡುವುದು ಒಂದು ಒತ್ತಿನ ಕೆಲಸ. ಹಳೆಯದೇ ಬೇಕು ಎನ್ನುವವರಿಗೆ ಕ್ಲಾಸಿಕ್ ಎಡಿಟರ್ ಎಂಬ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಇದೆ.

ಹಿರಿಯ ಬರಹಗಾರರಿಗೆ ಒಂದು ಮಾತು. ನಿಮ್ಮ ಹಳೆಯ ಲೇಖನಗಳು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಆನ್ಸಿ ಫಾಂಟಿನಲ್ಲಿ ಇರಬಹುದು. ಅದನ್ನು ಹಾಗೇ ನಕಲು ಮಾಡಿ ಹಾಕಿದರೆ ಅರ್ಥವಾಗದ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕೂತು ಓದಿ ನೋಡಿ. ಔಷಧದ ಪ್ರಮಾಣದಲ್ಲಿ ಒಂದು ಅಂಕಿ ಆಚೀಚೆ ಆದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಥೀಮ್ ವಿಷಯಕ್ಕೆ ನೋಡಬೇಕಾದ್ದು ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅಕ್ಷರದ ಗಾತ್ರದ ಒಂದೂ ಮುಕ್ಕಾಲು ಪಟ್ಟು ಇಟ್ಟರೆ ಓದಲು ಹಿತ. ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುವ ಒಳ್ಳೆಯ ಫಾಂಟು. ಓರೆ ಅಕ್ಷರ ಬೇಡ, ಕನ್ನಡಕ್ಕೆ ಅದು ಒಗ್ಗುವುದಿಲ್ಲ.

ಗೂಗಲ್‌ನಲ್ಲಿ ಸಿಕ್ಕಿದ ಚಿತ್ರ ಎತ್ತಿ ಹಾಕಬೇಡಿ. ಭಾರತದ ಕಾನೂನಿನಲ್ಲಿ ಬರಹಗಾರನ ಹಕ್ಕು ಅವನ ಕಾಲದ ನಂತರವೂ 60 ವರ್ಷ ಉಳಿಯುತ್ತದೆ. ಚಿತ್ರ ತೆಗೆದವರಿಗೂ ಅವರ ಹಕ್ಕಿದೆ. ನಿಮ್ಮ ಮೊಬೈಲಿನಲ್ಲಿ ತೆಗೆದ ಕೊಳೆತ ಅಡಿಕೆಯ ಚಿತ್ರ ಓದುಗನಿಗೆ ಜಾಸ್ತಿ ಉಪಯೋಗ. ಇಲ್ಲದಿದ್ದರೆ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಂಡು, ತೆಗೆದವರ ಹೆಸರು ಮತ್ತು ಪರವಾನಗಿ ಬರೆದು ಹಾಕಿ. ನಿಮ್ಮ ಹೆಸರನ್ನೂ ಲೇಖನದ ಒಳಗೆ ಒಂದು ಕಡೆ ಸೇರಿಸಿ. ನಕಲು ಮಾಡಿ ಹಂಚುವಾಗ ಮೇಲಿನ ಹೆಸರು ಬಿಟ್ಟುಹೋದರೂ ಒಳಗಿನದು ಉಳಿಯುವ ಸಂಭವ ಇದೆ.

ಸ್ವಂತ ಜಾಗದಲ್ಲಿ ಇಟ್ಟುಕೊಂಡವರಿಗೆ ನಿರ್ವಹಣೆಯ ಕೆಲಸ ತಪ್ಪಿದ್ದಲ್ಲ. ಪ್ಲಗಿನ್ ಕಡಿಮೆ ಇಡಿ. ಅಪ್‌ಡೇಟ್ ಬಂದಾಗ ಹಾಕಿ. ತಿಂಗಳಿಗೆ ಅರ್ಧ ಗಂಟೆ ಇದಕ್ಕೆ ಕೊಡಲು ಆಗದು ಎನ್ನುವವರು ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲೇ ಇರುವುದು ಒಳ್ಳೆಯದು. ಕತೆ ಮಾತ್ರ ಬರೆಯುವವರಿಗೆ, ಓದುಗರು ಆಗಲೇ ಸೇರಿರುವ ಪ್ರತಿಲಿಪಿಯಂಥ ಜಾಗ ಇದಕ್ಕಿಂತ ಹೊಂದಬಹುದು.

ಕೊನೆಯದಾಗಿ ಪ್ರತಿ ಇಟ್ಟುಕೊಳ್ಳುವುದು. ಟೂಲ್ಸ್ ಅಡಿಯಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಎಲ್ಲ ಲೇಖನಗಳೂ ಒಂದು ಕಡತವಾಗಿ ಇಳಿಯುತ್ತವೆ. ಬೇರೆ ಕಡೆ ಹೋಗಬೇಕಾದಾಗ ಇದೇ ಆಧಾರ. ಆದರೆ ಆ ಕಡತದಲ್ಲಿ ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಹಳೆಯ ತಾಣ ಮುಚ್ಚಿದ ಮೇಲೆ ಚಿತ್ರ ಸಿಗದು. ಹಾಗಾಗಿ ಚಿತ್ರಗಳನ್ನು ಬೇರೆಯೇ ಒಂದು ಫೋಲ್ಡರಿನಲ್ಲಿ, ಲೇಖನದ ಹೆಸರಿನಲ್ಲೇ ಇಟ್ಟುಕೊಳ್ಳಿ. ಜೊತೆಗೆ ಮುಖ್ಯ ಲೇಖನಗಳ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ಉಳಿಸಬಹುದು. ಅದಕ್ಕೆ ದುಡ್ಡಿಲ್ಲ. ಮಳೆಗಾಲ ಶುರುವಾಗಿ ಕರೆಂಟು ಕೈಕೊಡುವ ಮೊದಲು ನಾನು ಈ ಎರಡೂ ಕೆಲಸ ಮುಗಿಸುತ್ತೇನೆ.