ಮಗಳ ತಲೆಗೆ ಕೂರುವ ಹೆಲ್ಮೆಟ್: ತುಮಕೂರಿನ ಒಂದು ಅಂಗಡಿ ಮತ್ತು ಹದಿನಾಲ್ಕು ತಿಂಗಳ ಬಳಕೆ

ಕಳೆದ ವರ್ಷ ಜೂನ್‌ನಲ್ಲಿ ಮಗಳು ಪ್ರಥಮ ಪಿಯುಸಿಗೆ ಸೇರಿದಳು. ಬೆಳಗಿನ ಆರೂವರೆಯ ಟ್ಯೂಷನ್ನಿಗೆ ತಂದೆಯ ಸ್ಕೂಟರ್‌ನ ಹಿಂದೆ ಕುಳಿತು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ದಿನವೂ ಏಳು ಕಿಲೋಮೀಟರ್ ಹೋಗಬೇಕಾಗಿ ಬಂದಾಗ, ಅವಳಿಗಾಗಿ ಒಳ್ಳೆಯದೊಂದು ಹೆಲ್ಮೆಟ್ ಕೊಳ್ಳಲೇಬೇಕಾಯಿತು. ಅದೇ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟನ್ನು 1,450 ರೂಪಾಯಿಗೆ ಕೊಂಡೆವು. ಹನ್ನೊಂದು ತಿಂಗಳ ನಂತರ ಅದೇ ಅಂಗಡಿಯಲ್ಲಿ ಅದೇ ಮಾದರಿಯ ಇನ್ನೊಂದನ್ನು ಕೊಳ್ಳಬೇಕಾಗಿ ಬಂದಿತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಕಂಪನಿಯ ಹೆಸರನ್ನು ಬರೆಯದಿರುವುದು ಮರೆವಿನಿಂದಲ್ಲ. ನನ್ನ ಮಗಳಿಗೆ ಚೆನ್ನಾಗಿ ಕೂತ ಹೆಲ್ಮೆಟ್ ಅವಳ ಗೆಳತಿಯ ತಲೆಯ ಮೇಲೆ ಬುಗುರಿಯಂತೆ ತಿರುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರು ನೋಡಿ ಕೊಂಡು ಯಾರೂ ಮೋಸಹೋಗುವುದು ಬೇಡ ಎಂಬುದೇ ನನ್ನ ಉದ್ದೇಶ.

ಇದಕ್ಕೂ ಮೊದಲು ನಮ್ಮ ಮನೆಯಲ್ಲಿ ಮಗಳ ಹೆಸರಿನದೊಂದು ಹೆಲ್ಮೆಟ್ ಇತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಹೆದ್ದಾರಿಯ ಬದಿಯಲ್ಲಿ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ ಮಾರುವವರಿಂದ 250 ರೂಪಾಯಿಗೆ ತಂದದ್ದು, ಕಿವಿಯ ಮೇಲೆಯೇ ನಿಂತುಬಿಡುವ, ಟೋಪಿಯಂಥದ್ದು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂಬ ನಿಯಮ ಕರ್ನಾಟಕದಲ್ಲಿ 2016ರ ಜನವರಿಯಿಂದ ಜಾರಿಯಲ್ಲಿದೆ. ನಾವು ಅದನ್ನು ಕೊಂಡದ್ದು ವೃತ್ತದಲ್ಲಿ ನಿಲ್ಲುವ ಪೊಲೀಸರಿಗಾಗಿಯೇ ಹೊರತು ಮಗುವಿನ ತಲೆಗಾಗಿ ಅಲ್ಲ. ಒಂದು ದಿನ ಅದರ ಬಕಲ್ ಕೈಯಲ್ಲಿಯೇ ಮುರಿದು ಬಂದಾಗ, ಒಳಗೆ ಏನಿದೆಯೆಂದು ನೋಡುವ ಮನಸ್ಸಾಗಿ ಅಡುಗೆಮನೆಯ ಕತ್ತರಿಯಿಂದಲೇ ಬಟ್ಟೆಯನ್ನು ಬಿಡಿಸಿದೆ. ಬಟ್ಟೆಯ ಕೆಳಗೆ ಬೆರಳಿನ ದಪ್ಪವೂ ಇಲ್ಲದ ಮೆತ್ತನೆಯ ಸ್ಪಂಜು, ಅದರ ಕೆಳಗೆ ನೇರವಾಗಿ ಪ್ಲಾಸ್ಟಿಕ್. ಪೆಟ್ಟನ್ನು ನುಂಗಬೇಕಾದ ಗಟ್ಟಿ ಥರ್ಮಾಕೋಲ್ ಪದರವೇ ಅದರಲ್ಲಿ ಇರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಚಿಪ್ಪು ಒಳಕ್ಕೆ ಬಾಗುತ್ತಿತ್ತು. ಎರಡು ವರ್ಷ ನಮ್ಮ ಮಗು ಇದನ್ನು ಹಾಕಿಕೊಂಡು ಲಾರಿಗಳ ನಡುವೆ ಓಡಾಡಿತ್ತಲ್ಲ ಎಂದು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಅಂಗಡಿಯ ವಿಷಯ. ಹತ್ತಡಿ ಅಗಲದ ಮಳಿಗೆ, ಮೂರು ಗೋಡೆಗೂ ಹೆಲ್ಮೆಟ್‌ಗಳು, ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಯಲ್ಲಿ ದರ್ಜಿಗಳ ಅಳತೆ ಪಟ್ಟಿ. ಅಂಗಡಿಯ ಹಿರಿಯರು ಬಣ್ಣ ಯಾವುದು ಬೇಕು, ಎಷ್ಟರೊಳಗೆ ಬೇಕು ಎಂದು ಕೇಳುವ ಮೊದಲೇ ಆ ಪಟ್ಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ತಲೆಯ ಹಿಂಭಾಗದ ಉಬ್ಬಿನ ಮೇಲಿನಿಂದ ಸುತ್ತು ಅಳೆಯುವಂತೆ ಹೇಳಿದರು. 56 ಸೆಂಟಿಮೀಟರ್ ಬಂದಿತು. ನಮ್ಮಲ್ಲಿ ಹೆಲ್ಮೆಟ್‌ಗಳ ಮೇಲೆ ಅಳತೆಯನ್ನು ಮಿಲಿಮೀಟರ್‌ನಲ್ಲಿ ಹಾಕುವುದು ವಾಡಿಕೆ, ಆದ್ದರಿಂದ ಅವಳದು 560. ನಾನು 580 ಕೊಡಿ ಎಂದೆ, ಬೆಳೆಯುವ ಹುಡುಗಿ, ಇನ್ನೆರಡು ವರ್ಷ ಬರಲಿ ಎಂಬ ಲೆಕ್ಕ ನನ್ನದು.

"ನೋಡಮ್ಮಾ, ಇದು ಯೂನಿಫಾರ್ಮ್ ಅಲ್ಲ, ಮಡಚಿ ಹೊಲಿಸಿ ಆಮೇಲೆ ಬಿಚ್ಚಿಕೊಳ್ಳೋಕೆ. ಇವತ್ತಿನ ತಲೆಗೆ ಇವತ್ತಿನ ಅಳತೆ" ಎಂದು ಅವರು 580ನ್ನು ಮುಟ್ಟಲೂ ಇಲ್ಲ.

ಅವರ ಮಾತು ಎಷ್ಟು ಸರಿ ಎಂಬುದು ಮುಂದಿನ ಎರಡು ನಿಮಿಷಗಳಲ್ಲಿ ತಿಳಿಯಿತು. ಹೆಲ್ಮೆಟ್ ಹಾಕಿಸಿ, ಎರಡೂ ಕೈಯಿಂದ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಅದರ ಜೊತೆಗೆ ಹಣೆಯ ಚರ್ಮವೂ ಎಳೆದುಕೊಂಡು ಬರಬೇಕು. ಹೆಲ್ಮೆಟ್ ಮಾತ್ರ ತಿರುಗಿ ತಲೆ ಹಾಗೆಯೇ ನಿಂತರೆ ಅದು ದೊಡ್ಡದು. ಪಟ್ಟಿ ಬಿಗಿದ ನಂತರ ಗಲ್ಲಕ್ಕೂ ಪಟ್ಟಿಗೂ ನಡುವೆ ಒಂದೆರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಕೊನೆಗೆ ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸುವಂತೆ ಎತ್ತಬೇಕು, ಆಗ ಅದು ಕಳಚಿ ಬರಬಾರದು. ಹೋಲಿಕೆಗೆಂದು ನಾನೇ ಗೋಡೆಯಿಂದ 580ನ್ನು ಇಳಿಸಿ ಇದೇ ಮೂರನೆಯ ಪರೀಕ್ಷೆ ಮಾಡಿದೆ. ಬಕಲ್ ಹಾಕಿದ್ದಂತೆಯೇ ಅದು ಮಗಳ ಮೂಗಿನ ಮೇಲೆ ಜಾರಿ ಮುಂದಕ್ಕೆ ಬಂದುಬಿಟ್ಟಿತು. ಬಿದ್ದಾಗ ತಲೆ ನೆಲಕ್ಕೆ ತಾಗುವ ಮೊದಲೇ ಹೆಲ್ಮೆಟ್ ದೂರ ಹಾರಿಹೋಗುವುದು ಹೀಗೆಯೇ.

560 ಮೊದಲ ಮೂರು ವಾರ ಕೆನ್ನೆಯನ್ನು ಬಿಗಿಯಾಗಿ ಒತ್ತುತ್ತಿತ್ತು, ಮಗಳು ದಿನವೂ ದೂರಿದಳು. ಕೆನ್ನೆಯ ಮೆತ್ತೆ ಬಳಸುತ್ತ ಹೋದಂತೆ ಸಡಿಲವಾಗುತ್ತದೆ, ಆದ್ದರಿಂದ ಹೊಸತರಲ್ಲಿ ಬಿಗಿ ಇರುವುದೇ ಸರಿ. ಆದರೆ ಹಣೆಯಲ್ಲಿ ಒಂದೇ ಕಡೆ ಚುಚ್ಚಿ ನೋವಾದರೆ ಆ ಆಕಾರ ಆ ತಲೆಗೆ ಹೊಂದುವುದಿಲ್ಲ ಎಂದರ್ಥ. ಹೆಣ್ಣುಮಕ್ಕಳ ತಾಯಂದಿರಿಗೆ ಇನ್ನೊಂದು ಮಾತು: ಎತ್ತರಕ್ಕೆ ಕಟ್ಟಿದ ಜುಟ್ಟು ಅಥವಾ ತುರುಬಿನ ಮೇಲೆ ಹೆಲ್ಮೆಟ್ ಪೂರ್ತಿ ಇಳಿಯುವುದೇ ಇಲ್ಲ. ಮಗಳು ಈಗ ಕುತ್ತಿಗೆಯ ಹತ್ತಿರ ಕೆಳಗೆ ಒಂದೇ ಜಡೆ ಹಾಕಿಕೊಂಡು ಹೊರಡುತ್ತಾಳೆ, ಕ್ಲಿಪ್ಪುಗಳನ್ನು ಚೀಲದಲ್ಲಿ ಇಟ್ಟುಕೊಂಡು ಅಲ್ಲಿ ಹೋಗಿ ಹಾಕಿಕೊಳ್ಳುತ್ತಾಳೆ.

ಗುಣಮಟ್ಟದ ಗುರುತಿನ ಬಗ್ಗೆಯೂ ಈ ಅಂಗಡಿಯಲ್ಲಿಯೇ ಕಲಿತೆ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ದ್ವಿಚಕ್ರ ಸವಾರರ ಹೆಲ್ಮೆಟ್‌ಗಳ ತಯಾರಿಕೆಯೂ ಮಾರಾಟವೂ ದೇಶದಲ್ಲಿ ನಿಷಿದ್ಧ. ಆದರೆ ಬರಿಯ ಮೂರಕ್ಷರದ ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ನಿಜವಾದ ಗುರುತಿನ ಮೇಲ್ಭಾಗದಲ್ಲಿ ಹೆಲ್ಮೆಟ್‌ಗಳ ಮಾನದಂಡವಾದ ಐ.ಎಸ್. 4151 ಎಂದೂ, ಕೆಳಭಾಗದಲ್ಲಿ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾವ ತಯಾರಕರದು, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ತೆರೆಯ ಮೇಲೆ ಬರುತ್ತದೆ. ಮಗಳು ಅಂಗಡಿಯಲ್ಲಿಯೇ ನಿಂತು ಫೋನಿನಲ್ಲಿ ಇದನ್ನು ಮಾಡಿ ನೋಡಿದಳು. ಹಿರಿಯರು ಬೇಸರಿಸಿಕೊಳ್ಳದೆ ಸಂಖ್ಯೆಯನ್ನು ತಾವೇ ಓದಿ ಹೇಳಿದರು. ಗ್ರಾಹಕರು ಹೀಗೆ ಪರೀಕ್ಷಿಸುವಾಗ ಅಂಗಡಿಯವರ ಮುಖ ಹೇಗಾಗುತ್ತದೆ ಎಂಬುದನ್ನು ಗಮನಿಸುವುದೂ ಒಂದು ಒಳ್ಳೆಯ ಪರೀಕ್ಷೆಯೆಂದು ನನಗೆ ಅನ್ನಿಸುತ್ತದೆ.

ಈ ಹೆಲ್ಮೆಟ್ ಎದುರಿಸಿದ ನಿಜವಾದ ಪರೀಕ್ಷೆ ಈ ವರ್ಷದ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಒಂದು ಸಂಜೆ ಮಳೆಯಲ್ಲಿ ಬಂದಿತು. ಅಡ್ಡ ಬಂದ ನಾಯಿಯನ್ನು ತಪ್ಪಿಸಲು ನನ್ನ ಪತಿ ಬ್ರೇಕ್ ಹಾಕಿದರು, ಒದ್ದೆ ರಸ್ತೆಯಲ್ಲಿ ಸ್ಕೂಟರ್ ಜಾರಿತು, ಹಿಂದೆ ಕುಳಿತಿದ್ದ ಮಗಳು ಪಕ್ಕಕ್ಕೆ ಬಿದ್ದು ಅವಳ ತಲೆಯ ಬಲಭಾಗ ಡಿವೈಡರಿನ ಕಲ್ಲಿನ ಅಂಚಿಗೆ ಬಡಿಯಿತು. ಮೊಣಕಾಲು ತರಚಿತ್ತು, ಮಣಿಕಟ್ಟು ಊದಿಕೊಂಡಿತ್ತು. ಪಟ್ಟಿ ಬಿಚ್ಚಿಕೊಂಡಿರಲಿಲ್ಲ, ಹೆಲ್ಮೆಟ್ ಸ್ವಲ್ಪವೂ ಸರಿದಿರಲಿಲ್ಲ, ಮುಂದಿನ ಗಾಜು ಮಾತ್ರ ಕಿತ್ತು ಹೋಗಿತ್ತು. ವೈದ್ಯರು ಪರೀಕ್ಷಿಸಿ, ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಎಬ್ಬಿಸಿದರೂ ಎಚ್ಚರವಾಗದಂಥ ಮಂಪರು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಕರೆತರಬೇಕೆಂದು ಹೇಳಿ ಕಳುಹಿಸಿದರು. ಆ ರಾತ್ರಿ ಎರಡೆರಡು ಗಂಟೆಗೊಮ್ಮೆ ಎಬ್ಬಿಸಿ ಮಾತನಾಡಿಸಿದೆವು. ಮೂರನೆಯ ಸಲ ಅವಳು "ಅಮ್ಮಾ, ಸಾಕು, ಮಲಗೋಕೆ ಬಿಡು" ಎಂದು ಸಿಡುಕಿದಾಗ ನನ್ನ ಎದೆಯ ಭಾರ ಇಳಿಯಿತು.

ಹೊರಗಿನಿಂದ ನೋಡಿದರೆ ಹೆಲ್ಮೆಟ್ಟಿನ ಮೇಲೆ ಬೆರಳುದ್ದದ ಗೀರು, ಅಷ್ಟೇ. ಗಾಜು ಹಾಕಿಸಿದರೆ ಸಾಕೆಂದು ಪತಿ ಅದನ್ನು ಅದೇ ಅಂಗಡಿಗೆ ತೆಗೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಏನಾಯಿತೆಂದು ಕೇಳಿ ತಿಳಿದುಕೊಂಡ ಹಿರಿಯರು ಒಳಗಿನ ಬಟ್ಟೆಯ ಅಂಚನ್ನು ಬೆರಳಿನಿಂದ ಸರಿಸಿ, ದೀಪದ ಕೆಳಗೆ ಹಿಡಿದು ತೋರಿಸಿದರು. ಬಲಗಿವಿಯ ಮೇಲ್ಭಾಗದಲ್ಲಿ ಥರ್ಮಾಕೋಲ್ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿ ತಗ್ಗಾಗಿತ್ತು. ಅಲ್ಲಿಂದ ಹಿಂದಕ್ಕೆ ಕೂದಲೆಳೆಯಷ್ಟು ಸಣ್ಣ ಸೀಳು ಹೋಗಿತ್ತು. ಹೆಲ್ಮೆಟ್ ಕೆಲಸ ಮಾಡುವ ಬಗೆಯೇ ಇದು: ಹೊರಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಒಳಗಿನ ಗಟ್ಟಿ ಥರ್ಮಾಕೋಲ್ ತಾನು ಜಜ್ಜಿಹೋಗುತ್ತ ತಲೆಗೆ ನಿಲ್ಲಲು ಕ್ಷಣದ ಒಂದು ಪಾಲಿನಷ್ಟು ಹೆಚ್ಚು ಸಮಯ ಕೊಡುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ, ಆದ್ದರಿಂದ ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಕಾಪಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ.

"ಇದಕ್ಕೆ ನಾನು ಗಾಜು ಹಾಕಲ್ಲ ಸರ್" ಎಂದರು ಅವರು. "ಪಟ್ಟಿ ಕತ್ತರಿಸಿ ಬಿಸಾಕಿ, ಇಲ್ಲದಿದ್ದರೆ ಯಾರಾದರೂ ಎತ್ತಿಕೊಂಡು ಹೋಗಿ ಮಕ್ಕಳಿಗೆ ಹಾಕ್ತಾರೆ."

ಹೊಸ ಹೆಲ್ಮೆಟ್ಟನ್ನು ತಮ್ಮಲ್ಲಿಯೇ ಕೊಳ್ಳಬೇಕೆಂದೂ ಅವರು ಹೇಳಲಿಲ್ಲ. ಕೈಗೆ ಬಂದ ವ್ಯಾಪಾರವನ್ನು ಹೀಗೆ ಬೇಡವೆಂದ ಒಂದೇ ಕಾರಣಕ್ಕೆ ನಾನು ಈ ಅಂಗಡಿಯನ್ನು ಗುರುತಿರುವವರಿಗೆಲ್ಲ ತೋರಿಸಿಕೊಡುತ್ತಿದ್ದೇನೆ.

ಒಬ್ಬ ಮಗಳ ಅನುಭವವನ್ನು ಇಡೀ ಜಗತ್ತಿನ ಸತ್ಯವೆಂದು ಹೇಳುವುದು ಸರಿಯಲ್ಲ, ಆದರೆ ಈ ವಿಷಯದಲ್ಲಿ ಸಾಕ್ಷ್ಯ ಬೇಕಾದಷ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತಗಳೇ ಮೊದಲ ಕಾರಣ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆಯು ಹೆಲ್ಮೆಟ್ ಧರಿಸಿದ ಮೋಟಾರ್‌ಸೈಕಲ್ ಸವಾರರಲ್ಲಿ ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇ. 69ರಷ್ಟು, ಸಾವಿನ ಅಪಾಯ ಸುಮಾರು ಶೇ. 42ರಷ್ಟು ಕಡಿಮೆಯಾಗುತ್ತದೆಂದು ಕಂಡುಕೊಂಡಿದೆ. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಚಿಕ್ಕದಿರುವುದನ್ನು ಗಮನಿಸಬೇಕು: ಎದೆ, ಹೊಟ್ಟೆಗಳಿಗೆ ಬೀಳುವ ಪೆಟ್ಟನ್ನು ಯಾವ ಹೆಲ್ಮೆಟ್ಟೂ ತಡೆಯುವುದಿಲ್ಲ.

ಅದಕ್ಕಾಗಿಯೇ, ಒಳ್ಳೆಯ ಹೆಲ್ಮೆಟ್ ಇದೆಯಲ್ಲ ಎಂದು ಹದಿನಾರು ಹದಿನೇಳರ ಮಕ್ಕಳ ಕೈಗೆ ಸ್ಕೂಟರ್ ಕೀ ಕೊಡುವವರನ್ನು ಕಂಡರೆ ನನಗೆ ತಳಮಳವಾಗುತ್ತದೆ. ಹದಿನಾರು ತುಂಬಿದವರಿಗೆ ಕಾನೂನು ಬಿಟ್ಟಿರುವುದು 50 ಸಿಸಿ ಮೀರದ ವಾಹನ ಮಾತ್ರ. ನಮ್ಮ ಮನೆಗಳಲ್ಲಿರುವ 110, 125 ಸಿಸಿ ಸ್ಕೂಟರ್‌ಗಳಿಗೆ ಹದಿನೆಂಟು ತುಂಬಲೇಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸೂ ಇಲ್ಲ. ಮಗಳು ಒಂದೆರಡು ಬಾರಿ ಕೇಳಿದ್ದಾಳೆ, ನಾವು ಇಲ್ಲವೆಂದಿದ್ದೇವೆ. ಇನ್ನು ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ವಿದ್ಯುತ್ ಸ್ಕೂಟರ್‌ಗಳಿಗೆ ಲೈಸೆನ್ಸೂ ಬೇಡ, ಅವು ಮೋಟಾರು ವಾಹನದ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಹೈಸ್ಕೂಲು ಮಕ್ಕಳಿಗೆ ಅವನ್ನು ಕೊಡಿಸಿ ಹೆಲ್ಮೆಟ್ ಇಲ್ಲದೆ ಕಳುಹಿಸುವುದು ನಮ್ಮ ಬಡಾವಣೆಯಲ್ಲಿಯೂ ಕಾಣುತ್ತಿದೆ. ಕಾನೂನು ಕೇಳದಿದ್ದರೂ ಡಿವೈಡರಿನ ಕಲ್ಲು ಅಷ್ಟೇ ಗಟ್ಟಿ.

ಹೆಲ್ಮೆಟ್ಟಿನ ಕೊರತೆಗಳನ್ನೂ ಹೇಳಬೇಕು. ಮನೆಯ ಹತ್ತಿರದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಅದು 1 ಕೆ.ಜಿ. 180 ಗ್ರಾಂ ತೂಗಿತು. ಭಾರದ ಪುಸ್ತಕದ ಚೀಲವೂ ಬೆನ್ನಿಗಿದ್ದಾಗ ಮೊದಲ ವಾರಗಳಲ್ಲಿ ಮಗಳಿಗೆ ಕುತ್ತಿಗೆ ನೋಯುತ್ತಿತ್ತು. ಮಳೆಯಲ್ಲಿ ಗಾಜಿನ ಒಳಗೆ ಉಸಿರು ಮಂಜಾಗಿ ಕೂರುತ್ತದೆ, ಗಲ್ಲದ ಬಳಿಯ ಗಾಳಿಕಿಂಡಿ ತೆರೆದಿಟ್ಟರೂ ಪೂರ್ತಿ ಹೋಗುವುದಿಲ್ಲ. ಒಳಬಟ್ಟೆಯನ್ನು ಬಿಡಿಸಿ ತೊಳೆಯಬಹುದು, ಆದರೆ ಮತ್ತೆ ಕೂರಿಸುವಾಗ ಪ್ಲಾಸ್ಟಿಕ್ ಗುಂಡಿಗಳು ಸುಲಭವಾಗಿ ಸಿಕ್ಕುವುದಿಲ್ಲ. ಅಂಗಡಿಯಲ್ಲಿಯೂ ಸಣ್ಣ ಅಳತೆಗಳ ಆಯ್ಕೆ ಬಹಳ ಕಡಿಮೆ: 560ರಲ್ಲಿ ನಾಲ್ಕು ಹೆಲ್ಮೆಟ್‌ಗಳಿದ್ದರೆ 600ರಲ್ಲಿ ಗೋಡೆ ತುಂಬ ಇದ್ದವು. ಬಿಲ್ಲನ್ನು ನಾವೇ ಕೇಳಿ ಪಡೆಯಬೇಕಾಯಿತು.

ಸ್ಟಿಕ್ಕರ್ ವಿಷಯದಲ್ಲಿ ಮನೆಯಲ್ಲಿ ಸಣ್ಣ ಜಗಳವೇ ನಡೆಯಿತು. ಈ ವಯಸ್ಸಿನ ಮಕ್ಕಳಿಗೆ ಹೆಲ್ಮೆಟ್ ಮೇಲೆ ಏನಾದರೂ ಅಂಟಿಸಿ, ಬಣ್ಣ ಬಳಿದು ತಮ್ಮದಾಗಿಸಿಕೊಳ್ಳುವ ಆಸೆ. ಕೆಲವು ಅಂಟು, ಬಣ್ಣ, ಪೆಟ್ರೋಲ್, ಥಿನ್ನರ್‌ಗಳು ಪ್ಲಾಸ್ಟಿಕ್ ಚಿಪ್ಪನ್ನು ಕಣ್ಣಿಗೆ ಕಾಣದಂತೆ ದುರ್ಬಲಗೊಳಿಸುತ್ತವೆ ಎಂಬ ಎಚ್ಚರಿಕೆ ಹೆಲ್ಮೆಟ್ ಜೊತೆಗೆ ಬಂದ ಹಾಳೆಯಲ್ಲಿಯೇ ಇದೆ. ಸೌಮ್ಯವಾದ ಸೋಪು, ನೀರು, ಮೆತ್ತನೆಯ ಬಟ್ಟೆ ಸಾಕು. ಮಗಳು ಕೊನೆಗೆ ಹೆಲ್ಮೆಟ್ ಇಡುವ ಬಟ್ಟೆಯ ಚೀಲದ ಮೇಲೆ ಚಿತ್ರ ಬಿಡಿಸಿಕೊಂಡಳು.

ಎರಡನೆಯದನ್ನು ಕೊಂಡು ಈಗ ಮೂರು ತಿಂಗಳು. ಈ ಬಾರಿ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷವನ್ನು ಮಗಳೇ ನೋಡಿ, ಹಳೆಯ ದಾಸ್ತಾನು ಬೇಡವೆಂದು ಹೊಸತನ್ನು ಆರಿಸಿದಳು. ಪೆಟ್ಟು ಬೀಳದಿದ್ದರೂ ಐದು ವರ್ಷದ ಹೊತ್ತಿಗೆ ಬದಲಿಸುವುದು ಒಳ್ಳೆಯದು ಎಂದು ಹಿರಿಯರು ಅವಳಿಗೆ ಹೇಳಿದ್ದರು. ಎಂಟನೆಯ ತರಗತಿಯ ಮಗನನ್ನೂ ಅಂದು ಕರೆದೊಯ್ದಿದ್ದೆವು. ಅವನ ತಲೆ 54 ಸೆಂಟಿಮೀಟರ್, ಅಂಗಡಿಯಲ್ಲಿ 540 ಇರಲಿಲ್ಲ. 560 ಕೊಡಲು ಅವರು ಒಪ್ಪಲಿಲ್ಲ, ನಾನೂ ಕೇಳಲಿಲ್ಲ. ಸರಕು ಬಂದ ದಿನ ಫೋನ್ ಮಾಡುತ್ತೇನೆಂದು ನಂಬರ್ ಬರೆದುಕೊಂಡಿದ್ದಾರೆ, ಅಲ್ಲಿಯವರೆಗೆ ಅವನು ಶಾಲೆಗೆ ಬಸ್ಸಿನಲ್ಲಿಯೇ ಹೋಗಿಬರುತ್ತಿದ್ದಾನೆ.