ಕರುಳು ತೊಳೆಯುವ ಕಿಟ್: ಎರಡು ವರ್ಷ ಬಳಸಿದ ಮೇಲೆ

ಗುದನಾಳದ ಕ್ಯಾನ್ಸರಿಗೆ 28 ಸಲ ವಿಕಿರಣ, ಆಮೇಲೆ ಶಸ್ತ್ರಚಿಕಿತ್ಸೆ, ಕೆಲವು ತಿಂಗಳು ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಚೀಲ. ಆ ಚೀಲ ತೆಗೆದು ಕರುಳನ್ನು ಮತ್ತೆ ಜೋಡಿಸಿದ ಮರುವಾರದಿಂದಲೇ ನಾನು ದಿನಕ್ಕೆ ಹದಿನೈದು ಸಲ ಶೌಚಾಲಯಕ್ಕೆ ಓಡುವಂತಾಯಿತು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೆ ನಲವತ್ತು ನಿಮಿಷದ ಒಂದು ಪಿರಿಯಡ್ ಮುಗಿಸುವುದೂ ದುಸ್ತರವಾಗಿತ್ತು. ಒಮ್ಮೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಲ್ಲಿದ್ದಾಗ ಸೀರೆ ಒದ್ದೆಯಾಗಿ, ಮಕ್ಕಳೆಲ್ಲ ಹೊರಟುಹೋಗುವ ತನಕ ಕುರ್ಚಿಯಿಂದ ಏಳಲಿಲ್ಲ.

ಮಲವನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಗುದನಾಳದ ಬಹುಭಾಗವನ್ನು ತೆಗೆದ ಮೇಲೆ, ಅದರ ಜಾಗಕ್ಕೆ ಎಳೆದು ಹೊಲಿದ ದೊಡ್ಡ ಕರುಳಿಗೆ ಅಷ್ಟು ಹಿಗ್ಗುವ ಗುಣವಿರುವುದಿಲ್ಲ. ವಿಕಿರಣವು ಸುತ್ತಲಿನ ಭಾಗವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹೀಗೆ ಗುದನಾಳ ತೆಗೆದ ಮೇಲೆ ಕಾಡುವ ಶೌಚದ ತೊಂದರೆಗಳನ್ನೆಲ್ಲ ಸೇರಿಸಿ ವೈದ್ಯರು ಲಾರ್ಸ್ ಎನ್ನುತ್ತಾರೆ. ಅದು ಎಷ್ಟು ತೀವ್ರವೆಂದು ತಿಳಿಯಲು ಡೆನ್ಮಾರ್ಕಿನ ವೈದ್ಯರು 2012ರಲ್ಲಿ ಪ್ರಕಟಿಸಿದ ಐದು ಪ್ರಶ್ನೆಗಳ ಅಳತೆಯಲ್ಲಿ ಗರಿಷ್ಠ ಅಂಕ 42. 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ. ನನ್ನದು 41 ಇತ್ತು. ಆದರೂ ಹತ್ತು ತಿಂಗಳ ಕಾಲ, "ಮೋಷನ್ ಸರಿಯಾಗಿ ಆಗ್ತಿದೆಯಾ?" ಎಂದು ಡಾಕ್ಟರು ಕೇಳಿದಾಗಲೆಲ್ಲ "ಆಗ್ತಿದೆ ಸಾರ್" ಎಂದು ತಲೆ ತಗ್ಗಿಸಿದೆ. ಕೊನೆಗೆ ಒಂದು ವಾರದ ಲೆಕ್ಕವನ್ನು ಗಂಟೆಸಮೇತ ಹಾಳೆಯಲ್ಲಿ ಬರೆದುಕೊಟ್ಟೆ. ಅದನ್ನು ಓದಿದ ಮೇಲೆಯೇ ಅವರು ಈ ಕಿಟ್ಟಿನ ವಿಷಯ ಹೇಳಿದ್ದು.

ಇದರಲ್ಲಿರುವುದು ನೀರಿನ ಚೀಲ, ಕೊಳವೆ, ಹರಿವು ತಡೆಯುವ ಕ್ಲಾಂಪ್ ಮತ್ತು ಮೆತ್ತನೆಯ ಕೋನ್. ಕುಡಿಯಲು ಯೋಗ್ಯವಾದ ಉಗುರುಬೆಚ್ಚಗಿನ ನೀರು 700 ಮಿಲಿಲೀಟರ್ ತುಂಬಿ, ಚೀಲವನ್ನು ಭುಜದೆತ್ತರಕ್ಕೆ ತೂಗುಹಾಕಿ, ಕಮೋಡಿನ ಮೇಲೆ ಕುಳಿತು, ಜೆಲ್ ಹಚ್ಚಿದ ಕೋನನ್ನು ಗುದದ್ವಾರಕ್ಕೆ ಒತ್ತಿಹಿಡಿದು ನಿಧಾನವಾಗಿ ನೀರು ಬಿಡಬೇಕು. ನೀರು ತಣ್ಣಗಿದ್ದರೆ ಅಥವಾ ಅವಸರ ಮಾಡಿದರೆ ಹೊಟ್ಟೆ ನುಲಿಯುತ್ತದೆ. ಎಲ್ಲ ಮುಗಿಯಲು ಮುಕ್ಕಾಲು ಗಂಟೆ ಬೇಕು. ಮೊದಲು ದಿನವೂ ಮಾಡುತ್ತಿದ್ದೆ, ಈಗ ದಿನ ಬಿಟ್ಟು ದಿನ.

ಕರುಳು ತೂತಾಗುವ ಅಪಾಯ ಅಪರೂಪವಾದರೂ ಇದೆ. ಆದ್ದರಿಂದ ಜೋಡಿಸಿದ ಭಾಗ ಚೆನ್ನಾಗಿ ಮಾಗಿದೆಯೆಂದು ಶಸ್ತ್ರವೈದ್ಯರು ಹೇಳುವ ಮುನ್ನ, ನರ್ಸ್ ಎದುರಿಗೆ ನಿಂತು ಕಲಿಸುವ ಮುನ್ನ, ದಯವಿಟ್ಟು ಯಾರೂ ಆರಂಭಿಸಬೇಡಿ. ತೀವ್ರ ನೋವು ಅಥವಾ ರಕ್ತಸ್ರಾವ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನನ್ನ ಅಂಕ ಈಗ 27. ಕಾಯಿಲೆ ಹೋಗಿಲ್ಲ, ಅಪರೂಪಕ್ಕೆ ಸೋರಿಕೆಯೂ ಅವಸರವೂ ಉಂಟು, ಹುರುಳಿ ಸಾರು ಅಥವಾ ಅವರೆಕಾಳು ತಿಂದ ದಿನ ಗ್ಯಾಸ್ ತಡೆಯಲು ಆಗುವುದಿಲ್ಲ, ಪ್ಯಾಡ್ ಈಗಲೂ ಬ್ಯಾಗಿನಲ್ಲಿರುತ್ತದೆ. ಆದರೆ ಬೆಳಿಗ್ಗೆ ತೊಳೆದುಕೊಂಡರೆ ಸಂಜೆಯವರೆಗಿನ ಹೊತ್ತು ನನ್ನದು. ಕಳೆದ ಮಾರ್ಚಿನಲ್ಲಿ ಮೂರು ಗಂಟೆಗೂ ಹೆಚ್ಚು ಕಾಲ ಅದೇ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದೆ, ಸಾಲುಗಳ ನಡುವೆ ಓಡಾಡುತ್ತಾ.

ಕೊರತೆಗಳೂ ಇವೆ. ಕೈಪಿಡಿಯಲ್ಲಿ ಒಂದಕ್ಷರ ಕನ್ನಡವಿಲ್ಲ. ಒಂದೇ ವರ್ಷದಲ್ಲಿ ಕ್ಲಾಂಪ್ ಸಡಿಲವಾಗಿ ನೀರು ಒಮ್ಮೆಲೇ ನುಗ್ಗತೊಡಗಿತು; ಅದೊಂದನ್ನೇ ಬಿಡಿಯಾಗಿ ಮಾರುವುದಿಲ್ಲವೆಂದು ಅಂಗಡಿಯವರು ಹೇಳಿದ್ದರಿಂದ ಇಡೀ ಕಿಟ್ ಮತ್ತೆ ಕೊಳ್ಳಬೇಕಾಯಿತು. ಕೂತು ಬಳಸುವ ಕಮೋಡ್ ಇಲ್ಲದ ಊರಿನ ಮನೆಯಲ್ಲಿ ಇದನ್ನು ಬಳಸಲಾಗದೆ, ಅಲ್ಲಿ ಒಂದು ದಿನಕ್ಕಿಂತ ಹೆಚ್ಚು ಉಳಿಯಲು ನನಗೆ ಇನ್ನೂ ಸಾಧ್ಯವಾಗಿಲ್ಲ. ಕೊಳ್ಳುವ ಮೊದಲು ಕ್ಲಾಂಪ್ ಮತ್ತು ಕೋನ್ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ.