ಮೊದಲ ಸುತ್ತಿನ ಪಿಕ್ ಇಲ್ಲದ ಪ್ಯಾಕರ್ಸ್ ಅಭಿಮಾನಿಗೆ ಮಾಕ್ ಡ್ರಾಫ್ಟ್ ಸಿಮ್ಯುಲೇಟರ್ ಎಷ್ಟು ಉಪಯೋಗ?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಪ್ರತಿ ವರ್ಷ ಏಳು ಸುತ್ತುಗಳಲ್ಲಿ, ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್; ಒಂದೊಂದು ಸರದಿಯೂ ಒಂದು ಪಿಕ್. ಅದನ್ನು ಮೊದಲೇ ಅಣಕು ಮಾಡಿ ಆಡಲು ಬಿಡುವ ಸಾಧನ ಮಾಕ್ ಡ್ರಾಫ್ಟ್ ಸಿಮ್ಯುಲೇಟರ್. ಅದು ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ತಿಳಿಯಲು ಏಳು ಸುತ್ತೂ ಆಡಬೇಕಿಲ್ಲ. ಪಿಕ್‌ಗಳ ಪಟ್ಟಿ ತೆರೆದು ಗ್ರೀನ್ ಬೇ ಪ್ಯಾಕರ್ಸ್ ಹೆಸರಿನ ಮುಂದೆ ಏನಿದೆ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ, ಅಂಚಿನಿಂದ ನುಗ್ಗಿ ಎದುರಾಳಿಯ ಎಸೆತ ಕೆಡಿಸುವ ಎಡ್ಜ್ ರಶರ್ ಮೈಕಾ ಪಾರ್ಸನ್ಸ್‌ಗಾಗಿ ಪ್ಯಾಕರ್ಸ್ ತಂಡ ಡಲ್ಲಾಸ್ ಕೌಬಾಯ್ಸ್‌ಗೆ ಕೆನ್ನಿ ಕ್ಲಾರ್ಕ್‌ನನ್ನೂ, 2026 ಮತ್ತು 2027ರ ಮೊದಲ ಸುತ್ತಿನ ಪಿಕ್‌ಗಳನ್ನೂ ಕೊಟ್ಟಿತು. ನವೆಂಬರ್‌ನಲ್ಲಿ ಡಲ್ಲಾಸ್ ಕ್ವಿನೆನ್ ವಿಲಿಯಮ್ಸ್‌ನನ್ನು ತರಲು 2027ರ ತನ್ನ ಎರಡು ಮೊದಲ ಸುತ್ತಿನ ಪಿಕ್‌ಗಳಲ್ಲಿ ಮೇಲಿನದ್ದನ್ನು ನ್ಯೂಯಾರ್ಕ್ ಜೆಟ್ಸ್‌ಗೆ ದಾಟಿಸಿತು. ಹಾಗಾಗಿ ಪ್ಯಾಕರ್ಸ್‌ನ 2027ರ ಪಿಕ್ ಯಾರ ಪಾಲು ಎಂಬುದು ಆ ಋತುವಿನ ಸೋಲು ಗೆಲುವು ಮುಗಿಯುವವರೆಗೆ ತೀರ್ಮಾನವಾಗುವುದಿಲ್ಲ. ಈ ಷರತ್ತನ್ನು ಸರಿಯಾಗಿ ಹಿಡಿದಿಡುವ ಸಿಮ್ಯುಲೇಟರ್ ಮಾಡಿದವರು ಕೆಲಸ ಗೊತ್ತಿರುವವರು. ಪಿಕ್ ಕೊಟ್ಟು ತೆಗೆದುಕೊಳ್ಳುವ ಟ್ರೇಡ್ ಕಿಟಕಿಯಲ್ಲಿ ಪ್ಯಾಕರ್ಸ್‌ಗೆ 2027ರ ಮೊದಲ ಸುತ್ತನ್ನು ಮಾರಲು ಬಿಟ್ಟರೆ, ಆ ಮಾಕ್‌ನಲ್ಲಿ ಮುಂದೆ ಬರುವ ಯಾವ ಹೆಸರಿಗೂ ಬೆಲೆ ಇಲ್ಲ.

ಪ್ರೋ ಫುಟ್‌ಬಾಲ್ ಫೋಕಸ್, ಪ್ರೋ ಫುಟ್‌ಬಾಲ್ ನೆಟ್‌ವರ್ಕ್ ಮೊದಲಾದವು ಇಂಥ ಸಿಮ್ಯುಲೇಟರ್‌ಗಳನ್ನು ನಡೆಸುತ್ತವೆ. ಇಲ್ಲಿ ಹೇಳುವ ಗುಣದೋಷಗಳು ಯಾವುದೋ ಒಂದಕ್ಕೆ ಸೇರಿದವಲ್ಲ, ಈ ಬಗೆಯ ಸೇವೆಗೇ ಸಾಮಾನ್ಯವಾದವು. ಒಂದೇ ತಂಡದ ಹಿಂದೆ ಬಿದ್ದ ಅಭಿಮಾನಿ ಇದನ್ನು ಹೇಗೆ ಪರೀಕ್ಷಿಸಬೇಕು, ಯಾವ ಭಾಗವನ್ನು ನಂಬಬೇಕು, ಯಾವುದನ್ನು ಬದಿಗಿಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಲೆಕ್ಕದ ಪುಸ್ತಕದ ಪರೀಕ್ಷೆಗೆ ಪ್ಯಾಕರ್ಸ್ ಒಂದೇ ಸಾಲದು. 2026ರ ಪಟ್ಟಿಯಲ್ಲಿ, ಆಟಗಾರರನ್ನು ತರಲು 2025ರಲ್ಲಿ ನಡೆದ ಟ್ರೇಡ್‌ಗಳ ಪ್ರಕಾರ, ಟ್ರಾವಿಸ್ ಹಂಟರ್ ಒಪ್ಪಂದದಿಂದ ಜಾಕ್ಸನ್‌ವಿಲ್ ಪಿಕ್ ಕ್ಲೀವ್‌ಲ್ಯಾಂಡ್‌ಗೆ, ಜೇಮ್ಸ್ ಪಿಯರ್ಸ್ ಒಪ್ಪಂದದಿಂದ ಅಟ್ಲಾಂಟಾ ಪಿಕ್ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ, ಸಾಸ್ ಗಾರ್ಡ್ನರ್ ಒಪ್ಪಂದದಿಂದ ಇಂಡಿಯಾನಾಪೊಲಿಸ್ ಪಿಕ್ ಜೆಟ್ಸ್‌ಗೆ ಹೋಗಿರಬೇಕು. ಆಮೇಲೆ ಮೂರನೇ ಸುತ್ತಿನ ಬಾಲ ನೋಡಿ. ಕರಾರು ಮುಗಿದವರು ಬೇರೆ ತಂಡ ಸೇರುವ ಫ್ರೀ ಏಜೆನ್ಸಿಯಲ್ಲಿ ಆಟಗಾರರನ್ನು ಕಳೆದುಕೊಂಡ ತಂಡಗಳಿಗೆ ಪರಿಹಾರವಾಗಿ ಸಿಗುವ ಕಾಂಪೆನ್ಸೇಟರಿ ಪಿಕ್‌ಗಳು ಮೂರರಿಂದ ಏಳನೇ ಸುತ್ತುಗಳ ಕೊನೆಯಲ್ಲಿ ಕೂರುತ್ತವೆ: ವರ್ಷಕ್ಕೆ ಒಟ್ಟು 32, ಒಂದು ತಂಡಕ್ಕೆ ಹೆಚ್ಚೆಂದರೆ 4. ಅಲ್ಪಸಂಖ್ಯಾತ ಸಮುದಾಯದ ಕೋಚ್ ಅಥವಾ ಆಡಳಿತಗಾರ ಬೇರೆ ತಂಡದ ಮುಖ್ಯ ಕೋಚ್ ಇಲ್ಲವೇ ಜನರಲ್ ಮ್ಯಾನೇಜರ್ ಆದರೆ, ಬೆಳೆಸಿದ ತಂಡಕ್ಕೆ ಮೂರನೇ ಸುತ್ತಿನ ಕೊನೆಯಲ್ಲಿ ಪ್ರತ್ಯೇಕ ಪಿಕ್ ಸಿಗುವ ನಿಯಮ 2020ರಲ್ಲಿ ಬಂತು. ಇವೆಲ್ಲ ಸೇರಿದ್ದರಿಂದಲೇ 2023ರಲ್ಲಿ 259, 2024 ಮತ್ತು 2025ರಲ್ಲಿ 257 ಪಿಕ್‌ಗಳಾದವು. ನಿಮ್ಮ ಸಿಮ್ಯುಲೇಟರ್ ಸುತ್ತಿಗೆ 32ರಂತೆ 224ಕ್ಕೆ ನಿಂತರೆ, ಮೂರನೇ ಸುತ್ತಿನ ನಂತರದ ಸಂಖ್ಯೆಗಳೆಲ್ಲ ಪಲ್ಲಟವಾಗಿವೆ ಎಂದರ್ಥ. ಶಿಕ್ಷೆಯಾಗಿ ಕಳೆದುಹೋಗುವ ಪಿಕ್‌ಗಳೂ ಉಂಟು. ಮಯಾಮಿ ಡಾಲ್ಫಿನ್ಸ್ ತನ್ನ ಪಿಕ್ ಕಳೆದುಕೊಂಡಿದ್ದರಿಂದ 2023ರ ಮೊದಲ ಸುತ್ತಿನಲ್ಲಿ 31 ಹೆಸರುಗಳಷ್ಟೇ ಇದ್ದವು.

ಇನ್ನು ಟ್ರೇಡ್. ಸಿಮ್ಯುಲೇಟರ್‌ನ ನಿಜವಾದ ಗುಣ ಬಯಲಾಗುವುದು ಇಲ್ಲೇ. ಹೆಚ್ಚಿನವು 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಬಳಸಿದ, ಅದರ ಕೋಚ್ ಜಿಮ್ಮಿ ಜಾನ್ಸನ್ ಹೆಸರಲ್ಲಿ ಉಳಿದ, ಪ್ರತಿ ಪಿಕ್‌ಗೂ ಅಂಕದಲ್ಲಿ ಬೆಲೆ ಕಟ್ಟುವ ಕೋಷ್ಟಕವನ್ನೋ ಅದರ ಹೊಸ ರೂಪಗಳನ್ನೋ ಅನುಸರಿಸುತ್ತವೆ. ಆ ಕೋಷ್ಟಕದಲ್ಲಿ 1ನೇ ಪಿಕ್‌ಗೆ 3000 ಅಂಕ, 16ಕ್ಕೆ 1000, 32ಕ್ಕೆ 590, 64ಕ್ಕೆ 270. ಮುಂದಿನ ವರ್ಷದ ಪಿಕ್ ಅನ್ನು ಒಂದು ಸುತ್ತು ಕೆಳಗಿಳಿಸಿ ಎಣಿಸುವುದು ವಾಡಿಕೆ. ಇದು ಹಳತಾಯಿತು ಎಂದು ತಳ್ಳಿಹಾಕುವವರು ಹಂಟರ್ ಒಪ್ಪಂದವನ್ನು ಒಮ್ಮೆ ಕೂಡಿ ನೋಡಬೇಕು. ಜಾಕ್ಸನ್‌ವಿಲ್ ಕೊಟ್ಟದ್ದು 5ನೇ ಪಿಕ್ (1700 ಅಂಕ), 36 (540), 126 (46) ಮತ್ತು 2026ರ ಮೊದಲ ಸುತ್ತು. ಆ ಮೊದಲ ಸುತ್ತನ್ನು ಎರಡನೇ ಸುತ್ತಿನ ನಡುವೆ, 48ನೇ ಪಿಕ್‌ನ 420 ಎಂದು ಹಿಡಿದರೆ ಒಟ್ಟು 2706. ಪಡೆದದ್ದು 2 (2600), 104 (86), 200 (ಸುಮಾರು 11), ಅಂದರೆ 2697. ಎರಡು ತಕ್ಕಡಿಯೂ ಸಮ.

ಆದರೆ ಕೋಷ್ಟಕ ಬೆಲೆಯನ್ನು ಹೇಳುತ್ತದೆಯೇ ಹೊರತು ಆಸೆಯನ್ನಲ್ಲ. ಪ್ಯಾಕರ್ಸ್ ಜನರಲ್ ಮ್ಯಾನೇಜರ್ ಬ್ರಯಾನ್ ಗುಟೆಕುನ್‌ಸ್ಟ್ ಮಾಡಿದ ಎರಡು ವ್ಯವಹಾರಗಳನ್ನೇ ಅಕ್ಕಪಕ್ಕ ಇಡಿ. 2020ರಲ್ಲಿ ಜೋರ್ಡನ್ ಲವ್‌ಗಾಗಿ 30 (620) ಮತ್ತು 136 (38) ಕೊಟ್ಟು 26ಕ್ಕೆ (700) ಏರಿದರು. ಕೊಟ್ಟದ್ದು 658, ಬಂದದ್ದು 700. 2022ರಲ್ಲಿ ಕ್ರಿಶ್ಚಿಯನ್ ವಾಟ್ಸನ್‌ಗಾಗಿ 53 (370) ಮತ್ತು 59 (310) ಎರಡನ್ನೂ ತಮ್ಮದೇ ಡಿವಿಷನ್ನಿನ ಎದುರಾಳಿ ಮಿನ್ನೆಸೋಟಾ ವೈಕಿಂಗ್ಸ್‌ಗೆ ಕೊಟ್ಟು 34ಕ್ಕೆ (560) ಏರಿದರು. ಕೊಟ್ಟದ್ದು 680, ಬಂದದ್ದು 560. ಹೆಚ್ಚುವರಿ ಹೋದ 120 ಅಂಕ ಎಂದರೆ 95ನೇ ಪಿಕ್‌ನ ಬೆಲೆ. ಒಂದೇ ಕೈ, ಎರಡು ವರ್ಷದ ಅಂತರ, ಒಮ್ಮೆ ಲಾಭ, ಒಮ್ಮೆ ನಷ್ಟ. ಕೋಷ್ಟಕಕ್ಕೆ ಶೇಕಡಾ 5ರಷ್ಟೂ ಅಲುಗಾಡದಂತೆ ಅಂಟಿಕೊಂಡ ಸಿಮ್ಯುಲೇಟರ್ ಈ ಎರಡನ್ನೂ ತಿರಸ್ಕರಿಸುತ್ತದೆ. ಒಳ್ಳೆಯ ಸಿಮ್ಯುಲೇಟರ್‌ಗೆ ಎರಡೂ ಕಡೆ ಒಂದಿಷ್ಟು ಸಡಿಲು ಇರಬೇಕು.

ಅತಿ ಸಡಿಲವಾದರೆ ಬೇರೆಯೇ ರೋಗ. ಪಿಕ್ ಬಿಟ್ಟು ಕೆಳಗಿಳಿಯುವುದು, ಮತ್ತೆ ಇಳಿಯುವುದು, ಪ್ರತಿ ಸಲವೂ ಯಂತ್ರದಿಂದ ಚೂರುಪಾರು ಕೀಳುವುದು. ಹೀಗೆ ಒಂದು ಎರಡನೇ ಸುತ್ತಿನ ಪಿಕ್‌ನಿಂದ ಮೂರು ಮೂರನೇ ಸುತ್ತಿನ ಪಿಕ್‌ಗಳನ್ನೂ ಮುಂದಿನ ವರ್ಷದ ಎರಡನೇ ಸುತ್ತನ್ನೂ ಗಿಟ್ಟಿಸಿದ ಮಾಕ್‌ಗಳು ಪ್ರತಿ ವಸಂತದಲ್ಲೂ ಕಾಣುತ್ತವೆ. ಅವು ಕನ್ನಡಿಯೊಳಗಿನ ಗಂಟು. ಯಂತ್ರ ಪ್ರತಿ ಟ್ರೇಡನ್ನೂ ಬಿಡಿಯಾಗಿ ಅಳೆಯುತ್ತದೆ. ಪ್ರತಿ ಸಲ 15 ಅಂಕ ತನ್ನಿಂದ ಸೋರುತ್ತಿದೆ ಎಂಬುದು ಅದಕ್ಕೆ ನೆನಪಿರುವುದಿಲ್ಲ. ತಡೆಯಲು ನೀವೇ ಕಟ್ಟು ಹಾಕಿಕೊಳ್ಳಬೇಕು. ಇಡೀ ಡ್ರಾಫ್ಟಿಗೆ ಎರಡೇ ಟ್ರೇಡ್. ಕೋಷ್ಟಕದಲ್ಲಿ ನಿಮಗೆ ಶೇಕಡಾ 10ಕ್ಕಿಂತ ಹೆಚ್ಚು ಲಾಭವಾಗುವ ಒಪ್ಪಂದವನ್ನು ಯಂತ್ರ ಒಪ್ಪಿದರೂ ನೀವು ಒಪ್ಪಬೇಡಿ. ಎದುರಿನ ತಂಡ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಾಗಿ ಏರುತ್ತಿದ್ದರೆ ಮಾತ್ರ ಮುಂದಿನ ವರ್ಷದ ಮೊದಲ ಸುತ್ತನ್ನು ಕೇಳಿ.

ಕೋಷ್ಟಕದ ಒಂದು ಕುರುಡು ಜಾಗ ಪ್ಯಾಕರ್ಸ್‌ಗೆ ನೇರವಾಗಿ ತಾಗುತ್ತದೆ. 32ಕ್ಕೆ 590, 33ಕ್ಕೆ 580 ಎನ್ನುತ್ತದೆ ಅದು, ಹತ್ತೇ ಅಂಕದ ಅಂತರ. 2011ರ ಕಾರ್ಮಿಕ ಒಪ್ಪಂದದ ನಂತರ ಮೊದಲ ಸುತ್ತಿನವರ ನಾಲ್ಕು ವರ್ಷದ ಕರಾರಿಗೆ ಐದನೇ ವರ್ಷವನ್ನು ಸೇರಿಸುವ ಹಕ್ಕು ತಂಡಕ್ಕಿದೆ, ಎರಡನೇ ಸುತ್ತಿನವರಿಗೆ ಇಲ್ಲ. 2018ರಲ್ಲಿ ಬಾಲ್ಟಿಮೋರ್ 32ಕ್ಕೆ ಏರಿ ಲಮಾರ್ ಜ್ಯಾಕ್ಸನ್‌ನನ್ನು ತೆಗೆದುಕೊಂಡಾಗ ಆ ಹಕ್ಕೂ ಜೊತೆಗೆ ಬಂತು. ಎರಡನೇ ಸುತ್ತಿನಿಂದ ಮೊದಲ ಸುತ್ತಿನ ಬಾಲಕ್ಕೆ ಏರುವ ಯೋಚನೆ ಇದ್ದರೆ, ಕ್ವಾರ್ಟರ್‌ಬ್ಯಾಕ್, ಅವನನ್ನು ಕಾಯುವ ಟ್ಯಾಕಲ್, ಎಡ್ಜ್ ರಶರ್‌ನಂಥ ದುಬಾರಿ ಜಾಗಗಳಿಗೆ ಕೋಷ್ಟಕ ಹೇಳುವುದಕ್ಕಿಂತ ಸ್ವಲ್ಪ ಹೆಚ್ಚು ಕೊಡುವುದು ತಪ್ಪಲ್ಲ. ಡಿಫೆನ್ಸ್‌ನ ಹಿಂದೆ ನಿಂತು ಕಾಯುವ ಸೇಫ್ಟಿಗೋ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೋ ಅಷ್ಟು ಕೊಡಬೇಡಿ.

ಕೊನೆಯಲ್ಲಿ ಸಿಗುವ ಗ್ರೇಡ್ ಈ ಸೇವೆಯ ಅತಿ ದುರ್ಬಲ ಭಾಗ, ಜನ ಹೆಚ್ಚು ಹಂಚಿಕೊಳ್ಳುವುದೂ ಅದನ್ನೇ ಎಂಬುದು ಬೇಸರದ ಸಂಗತಿ. ಬೋರ್ಡಿನಲ್ಲಿ, ಅಂದರೆ ಆಟಗಾರರ ಶ್ರೇಯಾಂಕ ಪಟ್ಟಿಯಲ್ಲಿ, 40ನೇ ಸ್ಥಾನದಲ್ಲಿರುವವನನ್ನು 52ರಲ್ಲಿ ತೆಗೆದರೆ ಎ, 75ನೇ ಸ್ಥಾನದವನನ್ನು ತೆಗೆದರೆ ಸಿ. ಬೋರ್ಡ್ ಮಾಡಿದವರೇ ಬೋರ್ಡಿಗೆ ವಿಧೇಯರಾದವರ ಬೆನ್ನು ತಟ್ಟುತ್ತಾರೆ, ಅಷ್ಟೇ. 2024ರಲ್ಲಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಜೊತೆ ಆಗಷ್ಟೇ ದೊಡ್ಡ ಕರಾರು ಮಾಡಿಕೊಂಡಿದ್ದ ಅಟ್ಲಾಂಟಾ 8ನೇ ಪಿಕ್‌ನಲ್ಲಿ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್‌ನನ್ನು ತೆಗೆದುಕೊಂಡಿತು. ತಂಡಕ್ಕೆ ಯಾವ ಜಾಗದ ಆಟಗಾರ ಬೇಕು ಎಂಬ "ಅಗತ್ಯ" ಪಟ್ಟಿ ನೋಡಿ ಆಡುವ ಯಾವ ಯಂತ್ರವೂ ಅಲ್ಲಿ ಕ್ವಾರ್ಟರ್‌ಬ್ಯಾಕ್ ಒತ್ತುವುದಿಲ್ಲ. ಆ ವರ್ಷ ಮೊದಲ 14 ಪಿಕ್‌ಗಳೂ ಆಫೆನ್ಸ್ ಆಟಗಾರರಿಗೇ ಹೋದವು. ಮೊದಲ ಡಿಫೆನ್ಸ್ ಆಟಗಾರ ಲಯಾಟು ಲಾಟು 15ರಲ್ಲಿ ಇಂಡಿಯಾನಾಪೊಲಿಸ್ ಸೇರಿದ. 2025ರಲ್ಲಿ ಎಷ್ಟೋ ಮಾಕ್‌ಗಳಲ್ಲಿ ಮೊದಲ ಸುತ್ತಿನಲ್ಲಿದ್ದ ಶೆಡೂರ್ ಸ್ಯಾಂಡರ್ಸ್ 144ರವರೆಗೆ ಜಾರಿದ. ಅವನನ್ನು ತೆಗೆದುಕೊಂಡ ಕ್ಲೀವ್‌ಲ್ಯಾಂಡ್ 94ರಲ್ಲೇ ಡಿಲನ್ ಗೇಬ್ರಿಯಲ್ ಎಂಬ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿತ್ತು.

ಪ್ಯಾಕರ್ಸ್ ವಿಷಯದಲ್ಲಿ ಅಗತ್ಯ ಪಟ್ಟಿ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. 2002ರ ಜವಾನ್ ವಾಕರ್ ನಂತರ ಆ ತಂಡ ಮೊದಲ ಸುತ್ತಿನಲ್ಲಿ, ಎಸೆದ ಚೆಂಡು ಹಿಡಿಯುವ ವೈಡ್ ರಿಸೀವರ್‌ನನ್ನೇ ತೆಗೆದುಕೊಂಡಿರಲಿಲ್ಲ. ಮಾಕ್‌ಗಳು ವರ್ಷವರ್ಷವೂ ಒಬ್ಬನನ್ನು ತಂದು ಕೂರಿಸುತ್ತಿದ್ದವು. ಕೊನೆಗೆ 2025ರಲ್ಲಿ, ಗ್ರೀನ್ ಬೇಯಲ್ಲೇ ನಡೆದ ಡ್ರಾಫ್ಟಿನಲ್ಲಿ, 23ನೇ ಪಿಕ್ ಆಗಿ ಮ್ಯಾಥ್ಯೂ ಗೋಲ್ಡನ್ ಬಂದ. ಈ ತಂಡದ ಮನಸ್ಸು ಹಿಡಿಯಲು ಬೇರೆ ಜರಡಿಗಳು ಬೇಕು. ಒಂದು, ಕೆಂಟ್ ಲೀ ಪ್ಲ್ಯಾಟ್ ರೂಪಿಸಿದ ರಿಲೇಟಿವ್ ಅಥ್ಲೆಟಿಕ್ ಸ್ಕೋರ್. ಎತ್ತರ, ತೂಕ, ಓಟ, ಜಿಗಿತಗಳನ್ನು ಅದೇ ಜಾಗದ ಹಿಂದಿನ ಆಟಗಾರರೊಂದಿಗೆ ಹೋಲಿಸಿ 0ಯಿಂದ 10ರವರೆಗೆ ಅಂಕ ಕೊಡುವ ಅಳತೆ ಅದು, ಪ್ಯಾಕರ್ಸ್ ಒಲವು ಮೇಲಿನ ತುದಿಯ ಕಡೆಗೇ. ಎರಡು, 5 ಅಡಿ 10 ಇಂಚಿಗಿಂತ ಕುಳ್ಳಗಿನ, ರಿಸೀವರ್‌ಗಳನ್ನು ತಡೆಯುವ ಕಾರ್ನರ್‌ಬ್ಯಾಕ್‌ಗಳನ್ನು ಅವರು ಮೇಲಿನ ಸುತ್ತುಗಳಲ್ಲಿ ತೆಗೆದುಕೊಳ್ಳುವುದು ಅಪರೂಪ. ಮೂರು, ಕಾಲೇಜಿನಲ್ಲಿ ಟ್ಯಾಕಲ್ ಆಡಿದವನನ್ನು ತಂದು ಲೈನಿನ ಹಲವು ಜಾಗಗಳಲ್ಲಿ ಹೊಂದಿಸುವುದು ಅವರ ಹಳೆಯ ರೂಢಿ. ಇವನ್ನು ಸಿಮ್ಯುಲೇಟರ್ ಒಳಗೆ ಹಾಕಲು ಬರುವುದಿಲ್ಲ. ಸ್ವಂತ ಬೋರ್ಡ್ ಸೇರಿಸಲು ಬಿಡುವ ಸೇವೆಯಾದರೆ, ಸೋಸಿದ ಹೆಸರುಗಳನ್ನು 10ರಿಂದ 15 ಸ್ಥಾನ ಮೇಲಕ್ಕೆತ್ತಿ ಇಡಬಹುದು. ಈ ಒಂದು ಸೌಲಭ್ಯಕ್ಕಾಗಿ ಬೇರೆ ನಾಲ್ಕು ಅಲಂಕಾರಗಳನ್ನು ಬಿಟ್ಟುಕೊಡಬಹುದು.

ಸಿಮ್ಯುಲೇಟರ್ ನಿಜವಾಗಿ ಗೆಲ್ಲುವುದು ಒಂದೇ ಪ್ರಶ್ನೆಯಲ್ಲಿ: ನಮ್ಮ ಸರದಿ ಬರುವ ಹೊತ್ತಿಗೆ ಯಾರು ಉಳಿದಿರುತ್ತಾರೆ? ಅದಕ್ಕೆ ಒಂದು ಸಲ ಆಡಿ ಚಿತ್ರ ತೆಗೆದಿಟ್ಟರೆ ಆಗದು. ಯಂತ್ರದ ಯಾದೃಚ್ಛಿಕತೆಯನ್ನು ಮಧ್ಯಕ್ಕಿಂತ ಒಂದು ಹೆಜ್ಜೆ ಮೇಲಿಡಿ, ಅಗತ್ಯದ ತೂಕವನ್ನು ಮಧ್ಯಕ್ಕಿಂತ ಕೆಳಗೆ. ಯಾದೃಚ್ಛಿಕತೆ ತೀರ ಕಡಿಮೆಯಾದರೆ 25 ಹೆಸರುಗಳು ಪ್ರತಿ ಸಲವೂ ಅದೇ ಕ್ರಮದಲ್ಲಿ ಹೋಗುತ್ತವೆ. ಅಗತ್ಯದ ತೂಕ ಹೆಚ್ಚಾದರೆ "ತುಂಬಿದ" ಜಾಗದ ಆಟಗಾರರನ್ನು ಯಾರೂ ಮುಟ್ಟದೆ, ಮೇಲ್ಪಂಕ್ತಿಯ ಟ್ಯಾಕಲ್ ಒಬ್ಬ 50ರ ಆಚೆಗೂ ಉಳಿದುಬಿಡುತ್ತಾನೆ. ಟ್ರೇಡ್ ನಿಲ್ಲಿಸಿ. ನಿಮ್ಮ ಎರಡನೇ ಸುತ್ತಿನ ಪಿಕ್ ಬಂದೊಡನೆ ಉಳಿದವರಲ್ಲಿ ನಿಮಗೆ ಬೇಕಾದ ಹತ್ತು ಹೆಸರುಗಳ ಮುಂದೆ ಗುರುತು ಹಾಕಿ, ಮತ್ತೆ ಮೊದಲಿನಿಂದ ಓಡಿಸಿ. 20 ಓಟಗಳಲ್ಲಿ 10 ಸಲ ಉಳಿದವನ ಸಾಧ್ಯತೆ ಶೇಕಡಾ 50 ಎಂದು ಬರೆದುಕೊಂಡರೆ, ಅದು 39ರಿಂದ 61ರವರೆಗೂ ಸುಲಭವಾಗಿ ಅಲುಗಬಹುದು ಎಂಬುದೂ ನೆನಪಿರಲಿ. 100 ಓಟಗಳಾದರೆ ಈ ಅಲುಗಾಟ ಎರಡೂ ಕಡೆ 5ಕ್ಕೆ ಇಳಿಯುತ್ತದೆ. ಆದರೂ ನೂರು ಓಟಗಳೂ ಒಂದೇ ಬೋರ್ಡಿನ ಮಕ್ಕಳು. ಎರಡು ಬೇರೆ ಬೇರೆ ಬೋರ್ಡುಗಳಲ್ಲಿ ಐವತ್ತೈವತ್ತು ಓಡಿಸುವುದು ಒಂದರಲ್ಲೇ ನೂರು ಓಡಿಸುವುದಕ್ಕಿಂತ ಮೇಲು.

ಯಾವಾಗ ಓಡಿಸಬೇಕು ಎಂಬುದೂ ಮುಖ್ಯ. ಕಾಲೇಜು ಆಟ ಉಳಿದಿರುವವರು ಡ್ರಾಫ್ಟಿಗೆ ಹೆಸರು ಕೊಡುವ ಗಡುವು ಜನವರಿ ಮಧ್ಯದಲ್ಲಿ. ಅದಕ್ಕೂ ಮೊದಲಿನ ಬೋರ್ಡಿನಲ್ಲಿ, ಕೊನೆಗೆ ಕಾಲೇಜಿಗೇ ಮರಳುವವರೂ ತುಂಬಿರುತ್ತಾರೆ. ಮಾರ್ಚ್ ಫ್ರೀ ಏಜೆನ್ಸಿ ಆದ ಮೇಲೆ ಅಗತ್ಯ ಪಟ್ಟಿ ತಿದ್ದದ ಸೇವೆಯನ್ನು ಬಳಸಬೇಡಿ; ಪ್ಯಾಕರ್ಸ್ ಅಗತ್ಯ ಪಟ್ಟಿಯಲ್ಲಿ ಪಾರ್ಸನ್ಸ್ ಬಂದ ಮೇಲೂ ಎಡ್ಜ್ ರಶರ್ ಮೊದಲ ಸಾಲಿನಲ್ಲಿದ್ದರೆ ಅಲ್ಲಿಗೆ ಗೊತ್ತಾಯಿತು.

ಐದನೇ ಸುತ್ತಿನ ನಂತರದ ಫಲಿತಾಂಶವನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಸಾರ್ವಜನಿಕ ಬೋರ್ಡುಗಳು ಅಲ್ಲಿ ತೆಳುವಾಗುತ್ತವೆ, ತಂಡಗಳ ಪಟ್ಟಿಗಳು ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಡ್ರಾಫ್ಟಿಗೆ ಮುನ್ನ ತಂಡಗಳು ಕರೆಸಿ ಮಾತಾಡಿಸುವ 30 ಆಟಗಾರರ ಭೇಟಿಗಳ ಸುದ್ದಿ, ಆ ಹಂತದಲ್ಲಿ ಯಾವ ಸಿಮ್ಯುಲೇಟರ್‌ಗಿಂತಲೂ ಹೆಚ್ಚು ಹೇಳುತ್ತದೆ.

ಮೊದಲ ಸುತ್ತಿನ ಪಿಕ್ ಇಲ್ಲದ ತಂಡದವರಿಗೆ ಬೇರೆಲ್ಲಕ್ಕಿಂತ ದೊಡ್ಡ ಸೌಲಭ್ಯ ಒಂದಿದೆ, ಎಲ್ಲ ಸೇವೆಗಳಲ್ಲಿ ಸಿಗದು: ನಡೆದುಹೋದ ಪಿಕ್‌ಗಳನ್ನು ತುಂಬಿ, ಮುಂದಿನದ್ದನ್ನಷ್ಟೇ ಓಡಿಸುವುದು. ಗುರುವಾರ ರಾತ್ರಿ ಮೊದಲ ಸುತ್ತು ಮುಗಿದರೆ, ಎರಡನೇ ಸುತ್ತು ಶುರುವಾಗುವುದು ಶುಕ್ರವಾರ ಸಂಜೆ; 2025ರಲ್ಲಿ ಅಮೆರಿಕದ ಪೂರ್ವ ಕಾಲಮಾನ 7 ಗಂಟೆಗೆ. ಆ ನಡುವಿನ ಗಂಟೆಗಳಲ್ಲಿ ನಿಜವಾಗಿ ಹೋದ 32 ಹೆಸರುಗಳನ್ನು ತೆಗೆದು ಮತ್ತೆ ಓಡಿಸಿದರೆ ಊಹೆಯ ಬಹುಪಾಲು ಕಳೆದುಹೋಗುತ್ತದೆ. ಆಗ ಒಂದು ಎಚ್ಚರ ಬೇಕು. ಬೋರ್ಡಿನಲ್ಲಿ 15ರ ಆಸುಪಾಸಿನಲ್ಲಿದ್ದವನು ಇನ್ನೂ ಉಳಿದಿದ್ದಾನೆ ಎಂದರೆ ಯಂತ್ರ ಅವನನ್ನು 33ರಲ್ಲೇ ಕಳಿಸಿಬಿಡುತ್ತದೆ. ಹಾಗೆ ಉಳಿದದ್ದಕ್ಕೆ ಎಷ್ಟೋ ಸಲ ವೈದ್ಯಕೀಯ ವರದಿ ಕಾರಣ, ಅದು ಯಾವ ಬೋರ್ಡಿನಲ್ಲೂ ಇರುವುದಿಲ್ಲ. 2025ರಲ್ಲಿ ಮಿಷಿಗನ್‌ನ ಕಾರ್ನರ್‌ಬ್ಯಾಕ್ ವಿಲ್ ಜಾನ್ಸನ್ ಮೊಣಕಾಲಿನ ಚಿಂತೆಯಿಂದ 47ರವರೆಗೆ ಜಾರಿ ಅರಿಜೋನಾ ಸೇರಿದ. ಇಂಥ ಹೆಸರುಗಳನ್ನು ಬೋರ್ಡಿನಲ್ಲಿ ಕೈಯಾರೆ 15ರಿಂದ 20 ಸ್ಥಾನ ಕೆಳಗಿಳಿಸಿ, ಆಮೇಲೆ ಓಡಿಸಿ.